ಪಂಚಾಯತಿನ ಆರೋಗ್ಯ ಖರ್ಚಿನ ಲೆಕ್ಕವನ್ನು ವಿಧಾನಸಭೆಯವರೆಗೆ ಒಯ್ಯುವುದು ಹೇಗೆ?

ನನ್ನ ತಂದೆಯವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದ ಎರಡು ವರ್ಷ ನಮ್ಮ ಮನೆಗೆ ಪಂಚಾಯತಿನ ಪಾಲಿಯೇಟಿವ್ (ವಾಸಿಯಾಗದ ಅಥವಾ ಹಾಸಿಗೆ ಹಿಡಿದ ರೋಗಿಗಳ ನೋವು ಕಡಿಮೆ ಮಾಡುವ ಆರೈಕೆಯ) ನರ್ಸ್ ಹದಿನೈದು ದಿನಕ್ಕೊಮ್ಮೆ ಜೀಪಿನಲ್ಲಿ ಬರುತ್ತಿದ್ದರು. ಮೂತ್ರದ ಟ್ಯೂಬ್ ಬದಲಿಸಿ, ಬೆನ್ನಿನ ಹುಣ್ಣನ್ನು ತೊಳೆದು ಮದ್ದು ಹಚ್ಚಿ, ಮುಂದಿನ ಸಲದವರೆಗೆ ಬೇಕಾಗುವ ಹತ್ತಿ, ಬ್ಯಾಂಡೇಜು, ಕೈಗವಸುಗಳನ್ನು ಎಣಿಸಿಕೊಟ್ಟು ಹೋಗುತ್ತಿದ್ದರು. ಒಂದು ನವೆಂಬರಿನಲ್ಲಿ ಜೀಪು ಬರುವುದು ನಿಂತಿತು. ವಿಚಾರಿಸಿದಾಗ ಸಿಕ್ಕಿದ್ದು ‘ಫಂಡ್ ಇಲ್ಲ’ ಎಂಬ ಎರಡೇ ಶಬ್ದಗಳ ಉತ್ತರ. ಆ ಉತ್ತರ ನಿಜವಲ್ಲವೆಂದು ತಿಳಿಯಲು ನನಗೆ ಐದು ತಿಂಗಳು ಬೇಕಾಯಿತು. ಹಣ ಇತ್ತು. ವಾಹನದ ಬಾಡಿಗೆಗೆ ಕರೆದಿದ್ದ ಕೊಟೇಶನ್ನಿನ ಅವಧಿ ಅಕ್ಟೋಬರ್ ಕೊನೆಗೆ ಮುಗಿದಿತ್ತು, ಹೊಸದನ್ನು ಯಾರೂ ಕರೆದಿರಲಿಲ್ಲ, ಮಾರ್ಚ್ 31 ದಾಟಿದ ಮೇಲೆ ಉಳಿದ ಮೊತ್ತವೆಲ್ಲ ಖರ್ಚಾಗದ ಹಣದ ಪಟ್ಟಿಗೆ ಸೇರಿತು. ಆ ಮಳೆಗಾಲದಲ್ಲಿ ತಂದೆಯವರು ತೀರಿಕೊಂಡರು.

ಆ ಐದು ತಿಂಗಳಲ್ಲಿ ಮತ್ತು ಆಮೇಲಿನ ವರ್ಷಗಳಲ್ಲಿ ಕಲಿತದ್ದನ್ನು ಕಾಸರಗೋಡು ಜಿಲ್ಲೆಯ ಕನ್ನಡಿಗರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಆರೋಗ್ಯದ ಹಣ ಖರ್ಚಾಗುವುದು ವಾರ್ಡಿನಲ್ಲಿ. ಅದಕ್ಕೆ ಕೊನೆಯ ಲೆಕ್ಕ ಕೇಳುವ ಅಧಿಕಾರ ಇರುವುದು ತಿರುವನಂತಪುರದ ವಿಧಾನಸಭೆಗೆ. ಇವೆರಡರ ನಡುವೆ ಕಾಗದಗಳ ಒಂದು ದಾರಿ ಇದೆ. ಆ ದಾರಿಯಲ್ಲಿ ದೊಡ್ಡ ಆರೋಪ ಸಾಗುವುದಿಲ್ಲ, ದಾಖಲೆ ಇರುವ ಒಂದು ಸಣ್ಣ ಅಂಕಿ ಸಾಗುತ್ತದೆ ಎಂಬುದು ನನ್ನ ಅನುಭವ.

ಆಸ್ಪತ್ರೆ ಯಾರದು, ಹಣ ಯಾರದು

ಲೆಕ್ಕ ಕೇಳುವ ಮೊದಲು ಯಾರನ್ನು ಕೇಳಬೇಕೆಂಬುದು ತಿಳಿದಿರಬೇಕು. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ಬಂದ ಬಳಿಕ 1995ರಲ್ಲಿ ಆಸ್ಪತ್ರೆಗಳ ಹೊಣೆಯನ್ನು ಸ್ಥಳೀಯಾಡಳಿತ ಸಂಸ್ಥೆಗಳಿಗೆ ಹಸ್ತಾಂತರಿಸಲಾಯಿತು. ಅದರಂತೆ ಉಪಕೇಂದ್ರ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಗ್ರಾಮ ಪಂಚಾಯತಿಗೆ, ಸಮುದಾಯ ಆರೋಗ್ಯ ಕೇಂದ್ರ ಮತ್ತು ತಾಲೂಕು ಆಸ್ಪತ್ರೆಗಳು ಬ್ಲಾಕ್ ಪಂಚಾಯತಿಗೆ, ಜಿಲ್ಲಾ ಆಸ್ಪತ್ರೆ ಜಿಲ್ಲಾ ಪಂಚಾಯತಿಗೆ ಸೇರಿದವು. 2017ರಲ್ಲಿ ಆರಂಭವಾದ ರಾಜ್ಯದ ಆರೋಗ್ಯ ಯೋಜನೆ ಆರ್ದ್ರಂ ಮಿಷನ್ ಅಡಿಯಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳೆಂದು ಮೇಲ್ದರ್ಜೆಗೇರಿದ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಗ್ರಾಮ ಪಂಚಾಯತಿನ ಅಧೀನದಲ್ಲೇ ಉಳಿದಿವೆ. ಮಂಗಲ್ಪಾಡಿಯ ತಾಲೂಕು ಆಸ್ಪತ್ರೆಯ ಛಾವಣಿ ಸೋರಿದರೆ ಗ್ರಾಮ ಪಂಚಾಯತಿನ ಮುಂದೆ ನಿಂತು ಪ್ರಯೋಜನವಿಲ್ಲ, ಮಂಜೇಶ್ವರ ಬ್ಲಾಕ್ ಪಂಚಾಯತನ್ನು ಕೇಳಬೇಕು. ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯ ವಿಷಯವಾದರೆ ಜಿಲ್ಲಾ ಪಂಚಾಯತನ್ನು ಕೇಳಬೇಕು. ನಮ್ಮ ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತುಗಳು, 6 ಬ್ಲಾಕ್ ಪಂಚಾಯತುಗಳು, 3 ನಗರಸಭೆಗಳು ಮತ್ತು ಜಿಲ್ಲಾ ಪಂಚಾಯತು ಇವೆ. ನಿಮ್ಮ ಅಹವಾಲು ಇವುಗಳಲ್ಲಿ ಯಾವುದಕ್ಕೆ ಸೇರಿದ್ದೆಂದು ಮೊದಲೇ ಖಚಿತಪಡಿಸಿಕೊಳ್ಳಿ.

ಕಟ್ಟಡ ಪಂಚಾಯತಿನದಾದರೂ ಡಾಕ್ಟರರ ಸಂಬಳ ರಾಜ್ಯದ ಆರೋಗ್ಯ ಇಲಾಖೆಯದು. ಸರ್ಕಾರಿ ಆಸ್ಪತ್ರೆಗಳ ಔಷಧಿಯನ್ನು ಮುಖ್ಯವಾಗಿ ಖರೀದಿಸಿ ಕಳುಹಿಸುವುದು ಕೇರಳ ಮೆಡಿಕಲ್ ಸರ್ವಿಸಸ್ ಕಾರ್ಪೊರೇಶನ್ ಎಂಬ ಸರ್ಕಾರಿ ಕಂಪೆನಿ. ಅದು ಸಾಲದೆ ಬಂದಾಗ ಪಂಚಾಯತು ತನ್ನ ಯೋಜನೆಯ ಹಣದಿಂದ ಹೆಚ್ಚುವರಿ ಔಷಧಿಗೆ ಮೊತ್ತ ಇಡುತ್ತದೆ. ಪಾಲಿಯೇಟಿವ್ ಮನೆಭೇಟಿ, ಸಂಜೆಯ ಒಪಿಗೆ (ಹೊರರೋಗಿ ವಿಭಾಗಕ್ಕೆ) ನೇಮಿಸಿಕೊಳ್ಳುವ ಹೆಚ್ಚುವರಿ ಡಾಕ್ಟರ್, ಫಾರ್ಮಸಿಸ್ಟ್, ಕಟ್ಟಡದ ರಿಪೇರಿ ಮುಂತಾದವುಗಳೂ ಪಂಚಾಯತಿನ ಲೆಕ್ಕದಲ್ಲೇ ಬರುತ್ತವೆ. ರಾಷ್ಟ್ರೀಯ ಆರೋಗ್ಯ ಮಿಷನ್ನಿನ ಹಣ ಇನ್ನೊಂದು ದಾರಿಯಿಂದ ಬರುತ್ತದೆ. ಒಪಿ ಚೀಟಿಯ ಶುಲ್ಕ ಆಸ್ಪತ್ರೆ ನಿರ್ವಹಣಾ ಸಮಿತಿಯ ಖಾತೆಗೆ ಹೋಗುತ್ತದೆ. ‘ಫಂಡ್ ಇಲ್ಲ’ ಎಂದು ಯಾರಾದರೂ ಹೇಳಿದರೆ ಇಷ್ಟರಲ್ಲಿ ಯಾವ ಫಂಡ್ ಎಂಬುದೇ ನಿಮ್ಮ ಮೊದಲ ಪ್ರಶ್ನೆಯಾಗಬೇಕು.

ಪಂಚಾಯತಿಗೆ ರಾಜ್ಯ ಸರ್ಕಾರದಿಂದ ಬರುವ ಹಣವನ್ನು ಯಾರೂ ಬಚ್ಚಿಡಲು ಸಾಧ್ಯವಿಲ್ಲ. ರಾಜ್ಯ ಬಜೆಟ್ಟಿನ ಜೊತೆ ಪ್ರತಿವರ್ಷ ಮಂಡಿಸಲಾಗುವ ಅನುಬಂಧ 4 ಎಂಬ ಪುಸ್ತಕದಲ್ಲಿ ಪ್ರತಿಯೊಂದು ಸ್ಥಳೀಯಾಡಳಿತ ಸಂಸ್ಥೆಗೂ ಎಷ್ಟು ಅಭಿವೃದ್ಧಿ ನಿಧಿ, ಎಷ್ಟು ಸಂರಕ್ಷಣಾ ನಿಧಿ, ಎಷ್ಟು ಸಾಮಾನ್ಯ ಉದ್ದೇಶದ ನಿಧಿ ಎಂಬುದು ಹೆಸರು ಸಹಿತ ಅಚ್ಚಾಗಿರುತ್ತದೆ. ಎಣ್ಮಕಜೆಯದ್ದಾಗಲಿ ವರ್ಕಾಡಿಯದ್ದಾಗಲಿ ಒಂದೇ ಸಾಲಿನಲ್ಲಿ ಕಾಣುತ್ತದೆ. ಇದಲ್ಲದೆ 15ನೇ ಹಣಕಾಸು ಆಯೋಗ 2021-22ರಿಂದ 2025-26ರವರೆಗಿನ ಐದು ವರ್ಷಗಳಿಗೆ ಸ್ಥಳೀಯಾಡಳಿತ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದೇ ಇಡೀ ದೇಶಕ್ಕೆ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಸ್ವಂತ ಕಟ್ಟಡವಿಲ್ಲದ ಉಪಕೇಂದ್ರಗಳಿಗೆ ಕಟ್ಟಡ, ಪ್ರಾಥಮಿಕ ಹಂತದಲ್ಲಿ ರಕ್ತಪರೀಕ್ಷೆ ಮೊದಲಾದ ತಪಾಸಣೆಯ ಸೌಲಭ್ಯ, ಬ್ಲಾಕ್ ಮಟ್ಟದ ಸಾರ್ವಜನಿಕ ಆರೋಗ್ಯ ಘಟಕ ಇವೆಲ್ಲ ಅದರ ಉದ್ದೇಶಗಳಾಗಿದ್ದವು. ನಿಮ್ಮೂರಿನ ಉಪಕೇಂದ್ರ ಆ ಐದು ವರ್ಷಗಳಲ್ಲಿ ಬಾಡಿಗೆ ಕೋಣೆಯಲ್ಲೇ ಇದ್ದಿದ್ದರೆ, ಈ ಗ್ರಾಂಟಿನಲ್ಲಿ ನಿಮ್ಮ ಪಂಚಾಯತಿಗೆ ಬಂದದ್ದೆಷ್ಟು, ಅದು ಯಾವ ಕಾಮಗಾರಿಗೆ ಹೋಯಿತು ಎಂದು ಕೇಳುವುದಕ್ಕೆ ಈಗಲೂ ಅರ್ಥವಿದೆ.

ಒಂದೇ ಒಂದು ಬಾಬ್ತನ್ನು ಹಿಡಿಯಿರಿ

ಪಂಚಾಯತಿನ ಇಡೀ ಆರೋಗ್ಯ ಖರ್ಚನ್ನು ಪರಿಶೀಲಿಸುತ್ತೇನೆಂದು ಹೊರಟವರು ಎರಡನೇ ವಾರಕ್ಕೆ ಸೋತು ಕೂರುವುದನ್ನು ಕಂಡಿದ್ದೇನೆ. ಒಂದು ಯೋಜನೆಯನ್ನು ಮಾತ್ರ ಆಯ್ದುಕೊಳ್ಳಿ: ಪಾಲಿಯೇಟಿವ್ ಆರೈಕೆ, ಹೆಚ್ಚುವರಿ ಔಷಧಿ ಖರೀದಿ, ಉಪಕೇಂದ್ರದ ರಿಪೇರಿ, ಹೀಗೆ ಯಾವುದಾದರೂ ಒಂದು. ವಾರ್ಷಿಕ ಯೋಜನೆಯಲ್ಲಿ ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ. ಆ ಸಂಖ್ಯೆ ನಿಮ್ಮ ಕೈಗೆ ಸಿಕ್ಕಿದ ಮೇಲೆ ಕಚೇರಿಯಲ್ಲಿ ಯಾರೂ ನಿಮ್ಮನ್ನು ಸುಲಭವಾಗಿ ಅಲೆದಾಡಿಸಲಾರರು, ಏಕೆಂದರೆ ಕಡತ, ಬಿಲ್ಲು, ಆಡಿಟ್ ಎಲ್ಲವೂ ಅದೇ ಸಂಖ್ಯೆಯ ಸುತ್ತ ತಿರುಗುತ್ತವೆ.

ಬಳಿಕ ಐದು ಕಾಗದಗಳನ್ನು ಒಟ್ಟು ಮಾಡಬೇಕು: ಯೋಜನೆಯ ವಿವರಪತ್ರ, ಜಿಲ್ಲಾ ಯೋಜನಾ ಸಮಿತಿಯ ಅಂಗೀಕಾರ, ಕೊಟೇಶನ್ ಅಥವಾ ಟೆಂಡರಿನ ತೀರ್ಮಾನ, ಖಜಾನೆಗೆ ಕಳುಹಿಸಿದ ಬಿಲ್ಲುಗಳ ಪಟ್ಟಿ, ವರ್ಷದ ಕೊನೆಯಲ್ಲಿ ಉಳಿದ ಮೊತ್ತ. ವಿವರಪತ್ರದಲ್ಲಿ ಆ ಯೋಜನೆಯನ್ನು ನಡೆಸುವ ಹೊಣೆ ಯಾವ ಅಧಿಕಾರಿಯದೆಂದು ಬರೆದಿರುತ್ತದೆ. ಆರೋಗ್ಯದ ವಿಷಯದಲ್ಲಿ ಸಾಮಾನ್ಯವಾಗಿ ಅದು ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿದರೆ ಸಾಕು. ಉತ್ತರಕ್ಕೆ 30 ದಿನಗಳ ಅವಧಿ ಇದೆ. ಉತ್ತರ ಬಾರದಿದ್ದರೆ ಅಥವಾ ತೃಪ್ತಿಕರವಲ್ಲದಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬಹುದು. ಅರ್ಜಿಯಲ್ಲಿ ‘ಏಕೆ’ ಎಂದು ಕೇಳಬೇಡಿ, ಅಭಿಪ್ರಾಯ ಕೊಡಲು ಮಾಹಿತಿ ಅಧಿಕಾರಿ ಬದ್ಧರಲ್ಲ. ‘ಇಂಥ ಕ್ರಮಸಂಖ್ಯೆಯ ಯೋಜನೆಯ ಇಂಥ ದಾಖಲೆಯ ಪ್ರತಿ’ ಎಂದೇ ಬರೆಯಿರಿ. ಕಡತವನ್ನು ಕಚೇರಿಯಲ್ಲಿ ಕುಳಿತು ಪರಿಶೀಲಿಸಲು ಅವಕಾಶ ಕೊಡಬೇಕೆಂದೂ ಸೇರಿಸಿ. ಪ್ರತಿ ಕೇಳಿದಾಗ ಸಿಗದ ಹಲವು ಸಂಗತಿಗಳು ಕಡತದ ಟಿಪ್ಪಣಿ ಹಾಳೆಗಳಲ್ಲಿ ಕಾಣಸಿಗುತ್ತವೆ. ಕೊಟೇಶನ್ನಿನ ಅವಧಿ ಮುಗಿದ ವಿಷಯ ನನಗೆ ಗೊತ್ತಾದದ್ದು ಅಲ್ಲಿಂದಲೇ.

ಭಾಷೆಯ ಕುರಿತು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅನೇಕರು ಹಿಂದೆ ಸರಿಯುವುದು ಈ ಹಂತದಲ್ಲಿ. ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರದೊಂದಿಗೆ ಪತ್ರವ್ಯವಹಾರ ನಡೆಸಿ ಅದೇ ಭಾಷೆಯಲ್ಲಿ ಉತ್ತರ ಪಡೆಯಬಹುದೆಂಬುದನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಒಪ್ಪಿಕೊಂಡಿತ್ತು. ಆದ್ದರಿಂದ ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಕೆಲಸ ಬೇಗ ಸಾಗಲು ಮಲಯಾಳದ ಒಂದು ಪ್ರತಿಯನ್ನೂ ಜೊತೆಗಿಡಿ. ಹಕ್ಕನ್ನು ಬಿಡದೆಯೇ ಸಮಯ ಉಳಿಸುವ ಉಪಾಯ ಇದು.

ಸಿಗುವ ದಾಖಲೆಗಳು ಮಾತ್ರ ಬಹುಮಟ್ಟಿಗೆ ಮಲಯಾಳದಲ್ಲೇ ಇರುತ್ತವೆ. ಲಿಪಿ ಓದಲು ಬಾರದವರು ಮನೆಯ ಮಕ್ಕಳಿಂದ ಓದಿಸಿಕೊಂಡರೂ ಸಾಕು, ಶಬ್ದಗಳು ಮುಕ್ಕಾಲು ಪಾಲು ಪರಿಚಿತವಾಗಿಯೇ ಇರುತ್ತವೆ. ಕೆಲವು ಪರಿಚಿತ ಶಬ್ದಗಳೇ ದಾರಿ ತಪ್ಪಿಸುತ್ತವೆ ಎಂಬುದು ನೆನಪಿರಲಿ. ನಮಗೆ ‘ಪದ್ಧತಿ’ ಎಂದರೆ ರೂಢಿ, ಮಲಯಾಳದ ಕಡತದಲ್ಲಿ ‘ಪದ್ಧತಿ’ ಎಂದರೆ ಯೋಜನೆ. ನಮಗೆ ‘ವಿಹಿತ’ ಎಂದರೆ ಸರಿಯಾದದ್ದು, ಅಲ್ಲಿ ‘ವಿಹಿತಂ’ ಎಂದರೆ ಪಾಲು. ‘ಪದ್ಧತಿ ವಿಹಿತಂ’ ಎಂದರೆ ಯೋಜನೆಗೆ ಸಿಗುವ ಹಣದ ಪಾಲು. ‘ತನತ್ ಫಂಡ್’ ಎಂದರೆ ತೆರಿಗೆ, ಲೈಸೆನ್ಸ್ ಶುಲ್ಕ ಮೊದಲಾದವುಗಳಿಂದ ಬರುವ ಪಂಚಾಯತಿನ ಸ್ವಂತ ನಿಧಿ. ‘ನಿರ್ವಹಣ ಉದ್ಯೋಗಸ್ಥನ್’ ಎಂದರೆ ಯೋಜನೆಯನ್ನು ನಡೆಸುವ ಅಧಿಕಾರಿ. ‘ಗುಣಭೋಕ್ತಾವ್’ ಎಂದರೆ ಫಲಾನುಭವಿ. ಆಡಿಟ್ ವರದಿಯಲ್ಲಿ ‘ತಡಸ್ಸಪ್ಪೆಡುತ್ತುನ್ನು’ ಎಂದು ಬರೆದಿದ್ದರೆ ಆ ಖರ್ಚಿಗೆ ಆಕ್ಷೇಪ ಹಾಕಿ ವಿವರಣೆ ಕೇಳಿದ್ದಾರೆಂದು ಅರ್ಥ. ‘ನಿರಾಕರಿಕ್ಕುನ್ನು’ ಎಂದಿದ್ದರೆ ಆ ಖರ್ಚನ್ನು ಒಪ್ಪಿಯೇ ಇಲ್ಲ. ಈ ಎರಡು ಶಬ್ದಗಳನ್ನು ಹುಡುಕಿಕೊಂಡು ವರದಿಯನ್ನು ತಿರುವಿದರೆ ಅರ್ಧ ಕೆಲಸ ಮುಗಿಯುತ್ತದೆ.

ಎರಡು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಡುವುದು

ಪಾಲಿಯೇಟಿವ್ ಯೋಜನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕೇರಳ ಸರ್ಕಾರ 2008ರಲ್ಲಿ ಪಾಲಿಯೇಟಿವ್ ಆರೈಕೆಯ ನೀತಿಯನ್ನು ಪ್ರಕಟಿಸಿದ ಬಳಿಕ ಪಂಚಾಯತುಗಳು ಇದಕ್ಕೆ ಪ್ರತಿವರ್ಷ ಹಣ ಇಡುತ್ತ ಬಂದಿವೆ. ಖರ್ಚಿನ ಬಾಬ್ತುಗಳು ನರ್ಸಿನ ಗೌರವಧನ, ವಾಹನದ ಬಾಡಿಗೆ, ಔಷಧಿ, ಡ್ರೆಸ್ಸಿಂಗ್ ಸಾಮಗ್ರಿ ಮತ್ತು ವಾಟರ್ ಬೆಡ್‌ನಂತಹ ಉಪಕರಣಗಳು. ವಾಹನಕ್ಕೆ ಒಂದು ಲಾಗ್ ಪುಸ್ತಕ ಇರುತ್ತದೆ: ದಿನಾಂಕ, ಹೊರಟ ಸಮಯ, ಮೀಟರಿನ ಓದು, ಹೋದ ಸ್ಥಳ, ಸಹಿ. ನರ್ಸಿನ ಬಳಿ ಮನೆಭೇಟಿಯ ಪುಸ್ತಕ ಇರುತ್ತದೆ: ದಿನಾಂಕ, ರೋಗಿ, ಮಾಡಿದ ಶುಶ್ರೂಷೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೇ ತಿಂಗಳ ದಿನಾಂಕಗಳನ್ನು ಹೋಲಿಸಿ ನೋಡಿ. ವಾಹನ ಓಡಿದ ದಿನ ಮನೆಭೇಟಿ ದಾಖಲಾಗಿಲ್ಲವೇ? ಮನೆಭೇಟಿ ನಡೆದ ದಿನ ವಾಹನ ಓಡಿಲ್ಲವೇ? ಬಿಲ್ಲಿನಲ್ಲಿರುವ ದಿನಗಳ ಸಂಖ್ಯೆ ಇವೆರಡರಲ್ಲಿ ಯಾವುದಕ್ಕೆ ಹೊಂದುತ್ತದೆ? ನಾನು ನೋಡಿದ ತಿಂಗಳಲ್ಲಿ ನರ್ಸ್ ಮೂರು ದಿನ ಬಸ್ಸಿನಲ್ಲಿ ಹೋಗಿ ಮನೆಭೇಟಿ ಮಾಡಿದ್ದರು, ಅದನ್ನು ಪುಸ್ತಕದಲ್ಲಿ ‘ಬಸ್’ ಎಂದೇ ಬರೆದಿದ್ದರು. ವಾಹನ ಇಲ್ಲದ ದಿನಗಳಲ್ಲೂ ಆಕೆ ಹೊರಟಿದ್ದರೆಂಬುದು ನನಗೆ ತಿಳಿದದ್ದು ಆ ಒಂದು ಶಬ್ದದಿಂದ. ಲೆಕ್ಕ ನೋಡುವಾಗ ತಪ್ಪು ಮಾತ್ರವಲ್ಲ, ಯಾರ ಶ್ರಮದಿಂದ ಕೆಲಸ ನಿಲ್ಲದೆ ಉಳಿಯಿತೆಂಬುದೂ ಕಾಣುತ್ತದೆ. ಅದನ್ನೂ ಬರೆದಿಡಿ, ಗ್ರಾಮಸಭೆಯಲ್ಲಿ ಹೇಳಿ.

ರೋಗಿಗಳ ಹೆಸರು, ಕಾಯಿಲೆಯ ವಿವರಗಳನ್ನು ಮಾತ್ರ ಎಲ್ಲಿಯೂ ಎತ್ತಬಾರದು. ಅರ್ಜಿಯಲ್ಲೇ ‘ರೋಗಿಗಳ ಹೆಸರನ್ನು ಮರೆಮಾಡಿ ಪ್ರತಿ ಕೊಡುವುದು’ ಎಂದು ಬರೆದರೆ ಕಚೇರಿಗೂ ಸುಲಭ, ರೋಗಿಗಳಿಗೂ ಮರ್ಯಾದೆ.

ಔಷಧಿಯ ವಿಷಯದಲ್ಲಿ ದಾಸ್ತಾನು ಪುಸ್ತಕವನ್ನು ನೋಡಿ. ಯಾವ ದಿನಾಂಕದಲ್ಲಿ ಬಂತು, ಅವಧಿ ಮುಗಿಯುವ ದಿನ ಯಾವುದು, ಎಷ್ಟು ಉಳಿಯಿತು ಎಂಬ ಮೂರು ಅಂಕಣ ಸಾಕು. ಮಾರ್ಚ್ ಕೊನೆಯ ವಾರದಲ್ಲಿ ಒಮ್ಮೆಲೇ ಖರೀದಿಯಾದ ಔಷಧಿ ಕಂಡರೆ ಅವಧಿಯ ದಿನಾಂಕವನ್ನು ವಿಶೇಷವಾಗಿ ಗಮನಿಸಬೇಕು.

ಗ್ರಾಮಸಭೆ ಮತ್ತು ಆಡಿಟ್

ಕಾಯ್ದೆಯ ಪ್ರಕಾರ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ವಾರ್ಡಿನ ಮತದಾರರಲ್ಲಿ ಶೇ. 10ರಷ್ಟು ಮಂದಿ ಹಾಜರಿದ್ದರೆ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ. ಸತತ ಎರಡು ಬಾರಿ ಸಭೆ ಕರೆಯದ ಸದಸ್ಯರು ಸದಸ್ಯತ್ವವನ್ನೇ ಕಳೆದುಕೊಳ್ಳುವಷ್ಟು ಇದು ಗಂಭೀರವಾದ ಹೊಣೆ. ಆದರೂ ನಮ್ಮಲ್ಲಿ ಹೆಚ್ಚಿನವರು ಗ್ರಾಮಸಭೆಗೆ ಹೋಗುವುದು ಮನೆಯ ಸಹಾಯಧನ, ಆಡಿನ ಮರಿ, ತೆಂಗಿನ ಗೊಬ್ಬರದ ಪಟ್ಟಿಯಲ್ಲಿ ಹೆಸರು ಹಾಕಿಸಲು. ಅದು ತಪ್ಪಲ್ಲ, ಬಡವರಿಗೆ ಅದು ಬೇಕೇ ಬೇಕು. ಆದರೆ ಅದೇ ಸಭೆಯಲ್ಲಿ ಎದ್ದುನಿಂತು ಯೋಜನೆಯ ಸಂಖ್ಯೆ ಹೇಳಿ ಪ್ರಶ್ನೆ ಕೇಳಿ, ಅದನ್ನು ನಿರ್ಣಯ ಪುಸ್ತಕದಲ್ಲಿ ಬರೆಸಿದರೆ ಆ ಬರಹಕ್ಕೆ ಮುಂದೆ ವಿಧಾನಸಭೆಯ ಸಮಿತಿಯ ಮುಂದೆಯೂ ಬೆಲೆಯಿದೆ. ಬಾಯಿಮಾತಿನ ದೂರಿಗೆ ಆ ಬೆಲೆ ಇಲ್ಲ. ಬರೆಯದೆ ಸಹಿ ಹಾಕಬೇಡಿ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ಕನ್ನಡದಲ್ಲಿ ಅರ್ಥ ಹೇಳಿಸಿಕೊಳ್ಳಿ.

ಗ್ರಾಮಸಭೆಗೆ ಹೋಗುವ ಮೊದಲು ಒಮ್ಮೆ ವಾರ್ಡು ಸದಸ್ಯರ ಮನೆಗೆ ಹೋಗಿ, ‘ನೋಡಿ, ನಾಳೆ ಸಭೆಯಲ್ಲಿ ನಾನು ಈ ವಿಷಯ ಕೇಳುವವನಿದ್ದೇನೆ, ನೀವು ಕಡತ ತರಿಸಿಟ್ಟರೆ ಎಲ್ಲರಿಗೂ ಒಳ್ಳೆಯದು’ ಎಂದು ತಿಳಿಸುವುದು ಸರಿಯಾದ ಕ್ರಮ. ಅವರೂ ನಮ್ಮ ನೆರೆಕರೆಯವರೇ. ಮುಜುಗರಪಡಿಸುವುದಕ್ಕಿಂತ ಉತ್ತರ ಪಡೆಯುವುದು ಮುಖ್ಯ. ಪಂಚಾಯತಿನಲ್ಲಿ ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷತೆ ಉಪಾಧ್ಯಕ್ಷರದು, ಆರೋಗ್ಯ ಮತ್ತು ಶಿಕ್ಷಣಕ್ಕೆ ಬೇರೆಯೇ ಸ್ಥಾಯಿ ಸಮಿತಿ ಇದೆ. ಆ ಇಬ್ಬರು ಅಧ್ಯಕ್ಷರಿಗೂ ಪ್ರಶ್ನೆಯ ಪ್ರತಿ ಕೊಡಿ.

ಪಂಚಾಯತಿನ ಲೆಕ್ಕವನ್ನು ಪ್ರತಿವರ್ಷ ಪರಿಶೋಧಿಸುವುದು 1994ರ ಸ್ಥಳೀಯ ನಿಧಿ ಲೆಕ್ಕಪರಿಶೋಧನಾ ಕಾಯ್ದೆಯಡಿ ಕೇರಳ ರಾಜ್ಯ ಆಡಿಟ್ ಇಲಾಖೆ. ವರದಿಗೆ ಪಂಚಾಯತು ಉತ್ತರ ಕೊಡಬೇಕು, ದೋಷಗಳನ್ನು ಸರಿಪಡಿಸಬೇಕು. ನಷ್ಟವಾಗಿದ್ದರೆ ಹೊಣೆಗಾರರಿಂದ ವಸೂಲು ಮಾಡುವ ಅವಕಾಶವೂ ಕಾಯ್ದೆಯಲ್ಲಿದೆ. ನಿಮ್ಮ ಯೋಜನೆಯ ಬಗ್ಗೆ ವರದಿಯಲ್ಲಿ ಏನಿದೆ, ಪಂಚಾಯತು ಕೊಟ್ಟ ಉತ್ತರವೇನು, ಆಕ್ಷೇಪ ತೀರ್ಮಾನವಾಯಿತೇ ಇಲ್ಲವೇ ಎಂಬ ಮೂರನ್ನೂ ಪಡೆದುಕೊಳ್ಳಿ. ವರದಿಯಲ್ಲಿ ನಿಮ್ಮ ಯೋಜನೆಯ ಮಾತೇ ಇಲ್ಲದಿರಲೂಬಹುದು. ಖರ್ಚಾದ ಹಣದ ವೌಚರಿನಲ್ಲಿ ದೋಷವಿದ್ದರೆ ಆಡಿಟ್ ಹಿಡಿಯುತ್ತದೆ. ಖರ್ಚೇ ಆಗದೆ ಉಳಿದ ಹಣದಿಂದ ಯಾರ ಮನೆಗೆ ನರ್ಸ್ ಬರಲಿಲ್ಲವೆಂಬುದು ವೌಚರಿನಲ್ಲಿ ಕಾಣುವುದಿಲ್ಲ. ಆ ಭಾಗವನ್ನು ಹೇಳಬೇಕಾದವರು ನಾವು. ಸ್ಥಳೀಯಾಡಳಿತ ಸಂಸ್ಥೆಗಳ ವಿರುದ್ಧದ ದೂರುಗಳಿಗೆ ಒಂಬುಡ್ಸ್‌ಮನ್ ಇದ್ದಾರೆ, ಅದು ಭ್ರಷ್ಟಾಚಾರ ಅಥವಾ ದುರಾಡಳಿತದ ಸ್ಪಷ್ಟ ಸಾಕ್ಷ್ಯ ಇದ್ದಾಗ ಹಿಡಿಯಬೇಕಾದ ದಾರಿ.

ವಿಧಾನಸಭೆಯ ಯಾವ ಬಾಗಿಲು

ಕೇರಳದಲ್ಲಿ ನಿಯಮಸಭೆ ಎಂದು ಕರೆಯುವ ವಿಧಾನಸಭೆಯಲ್ಲಿ 140 ಸದಸ್ಯರಿದ್ದಾರೆ, ನಮ್ಮ ಜಿಲ್ಲೆಯಿಂದ ಐವರು: ಮಂಜೇಶ್ವರ, ಕಾಸರಗೋಡು, ಉದುಮ, ಕಾಞಂಗಾಡ್, ತೃಕ್ಕರಿಪುರ ಕ್ಷೇತ್ರಗಳವರು. ಶಾಸಕರನ್ನು ರಸ್ತೆ, ಸೇತುವೆ, ಶಾಲಾ ಕಟ್ಟಡಕ್ಕಾಗಿ ಭೇಟಿಯಾಗುವುದು ನಮಗೆ ಅಭ್ಯಾಸವಾಗಿದೆ. ಆದರೆ ಸರ್ಕಾರದ ಪ್ರತಿ ರೂಪಾಯಿಗೂ ಲೆಕ್ಕ ಕೇಳುವುದು ಅವರ ಮೂಲ ಕೆಲಸ, ಆ ಕೆಲಸಕ್ಕೆ ಬೇಕಾದ ಸಾಮಗ್ರಿಯನ್ನು ಊರಿನಿಂದ ಒದಗಿಸುವವರು ಕಡಿಮೆ. ನೀವು ಒದಗಿಸಿದರೆ ಅವರು ಬೇಡವೆನ್ನುವುದಿಲ್ಲ.

ಎಲ್ಲಕ್ಕಿಂತ ಸುಲಭವಾದದ್ದು ಪ್ರಶ್ನೆ. ನಕ್ಷತ್ರ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಲ್ಲಿ ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ನಕ್ಷತ್ರ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ. ನಮ್ಮ ಮಟ್ಟದ ಅಂಕಿಗಳಿಗೆ ಲಿಖಿತ ಉತ್ತರವೇ ಹೆಚ್ಚು ಪ್ರಯೋಜನಕಾರಿ, ಏಕೆಂದರೆ ಅದರಲ್ಲಿ ಪಟ್ಟಿ ಲಗತ್ತಿಸಿ ಕೊಡುತ್ತಾರೆ, ಮುಂದೆ ಅದೇ ದಾಖಲೆಯಾಗುತ್ತದೆ. ಪ್ರಶ್ನೆ ಯಾವ ಸಚಿವರಿಗೆ ಎಂಬುದನ್ನು ಸರಿಯಾಗಿ ನಿರ್ಧರಿಸಬೇಕು: ಪಂಚಾಯತಿನ ಯೋಜನಾ ಹಣವಾದರೆ ಸ್ಥಳೀಯಾಡಳಿತ ಸಚಿವರಿಗೆ, ಡಾಕ್ಟರರ ಹುದ್ದೆಯಾದರೆ ಆರೋಗ್ಯ ಸಚಿವರಿಗೆ, ಖಜಾನೆಯಲ್ಲಿ ಬಿಲ್ಲು ನಿಂತಿದ್ದರೆ ಹಣಕಾಸು ಸಚಿವರಿಗೆ. ತಪ್ಪಿದರೆ ‘ಇದು ಬೇರೆ ಇಲಾಖೆಗೆ ಸಂಬಂಧಿಸಿದ್ದು’ ಎಂಬ ಒಂದು ಸಾಲಿನ ಉತ್ತರಕ್ಕೆ ಒಂದು ಅಧಿವೇಶನವೇ ಕಳೆದುಹೋಗುತ್ತದೆ.

ಪ್ರಶ್ನೆಯ ಕರಡನ್ನು ನೀವೇ ಬರೆದು ಕೊಡಿ. ಉದಾಹರಣೆಗೆ: ‘ಕಾಸರಗೋಡು ಜಿಲ್ಲೆಯ ಗ್ರಾಮ ಪಂಚಾಯತುಗಳಲ್ಲಿ ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಪಾಲಿಯೇಟಿವ್ ಆರೈಕೆಯ ಯೋಜನೆಗೆ ಮೀಸಲಿಟ್ಟ ಮೊತ್ತ, ಖರ್ಚಾದ ಮೊತ್ತ ಮತ್ತು ಉಳಿದ ಮೊತ್ತವನ್ನು ಪಂಚಾಯತುವಾರು ತಿಳಿಸುವಿರಾ? ವಾಹನ ಲಭ್ಯವಿಲ್ಲದೆ ಮನೆಭೇಟಿ ನಿಂತ ತಿಂಗಳುಗಳಿದ್ದರೆ ಅವುಗಳ ವಿವರ ಕೊಡುವಿರಾ? ಇದು ಮರುಕಳಿಸದಂತೆ ಕೈಗೊಂಡ ಕ್ರಮವೇನು?’ ಒಂದೇ ಪಂಚಾಯತಿನ ಹೆಸರೆತ್ತಿದರೆ ಅದು ಪಕ್ಷದ ಜಗಳವಾಗಿ ಮುಗಿಯುವ ಸಂಭವವಿದೆ; ಇಡೀ ಜಿಲ್ಲೆಯ ಪಟ್ಟಿ ಕೇಳಿದರೆ ನಿಮ್ಮ ಪಂಚಾಯತಿನ ಸ್ಥಿತಿ ತಾನಾಗಿಯೇ ಅದರಲ್ಲಿ ಕಾಣುತ್ತದೆ. ಮಲಯಾಳದ ಅನುವಾದವನ್ನೂ ಜೊತೆಗಿಡಿ. ಕನ್ನಡವೆಂದು ಅಳುಕುವ ಅಗತ್ಯವೇನೂ ಇಲ್ಲ. 2021ರಲ್ಲಿ ಮಂಜೇಶ್ವರದಿಂದ ಆಯ್ಕೆಯಾದ ಎ.ಕೆ.ಎಂ. ಅಶ್ರಫ್ ಅವರು ಆ ಸದನದಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ಕನ್ನಡದಲ್ಲೇ.

ಪ್ರಶ್ನೆಗಿಂತ ಆಳಕ್ಕಿಳಿಯುವುದು ಸಮಿತಿಗಳು. ರಾಜ್ಯ ಆಡಿಟ್ ಇಲಾಖೆಯ ಕ್ರೋಡೀಕೃತ ವಾರ್ಷಿಕ ವರದಿ ಸದನದಲ್ಲಿ ಮಂಡನೆಯಾದ ಮೇಲೆ ಅದನ್ನು ಪರಿಶೀಲಿಸುವುದು ಸ್ಥಳೀಯ ನಿಧಿ ಲೆಕ್ಕಪತ್ರ ಸಮಿತಿ, ಅಂದರೆ ಲೋಕಲ್ ಫಂಡ್ ಅಕೌಂಟ್ಸ್ ಕಮಿಟಿ. ಪಂಚಾಯತಿನ ಆಡಿಟ್ ಆಕ್ಷೇಪ ವರ್ಷಗಟ್ಟಲೆ ಬಾಕಿ ಉಳಿದಿದ್ದರೆ ಇದೇ ಸರಿಯಾದ ಬಾಗಿಲು. ಆರೋಗ್ಯ ಇಲಾಖೆಯ ಖರ್ಚಿನ ಬಗ್ಗೆ ಸಿಎಜಿ (ಭಾರತದ ಮಹಾಲೆಕ್ಕಪರಿಶೋಧಕರ) ವರದಿ ಬಂದಿದ್ದರೆ ಅದು ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತದೆ. ಔಷಧಿ ಕಾರ್ಪೊರೇಶನ್ ಸರ್ಕಾರಿ ಕಂಪೆನಿಯಾದ್ದರಿಂದ ಸಾರ್ವಜನಿಕ ಉದ್ದಿಮೆಗಳ ಸಮಿತಿಯ ವ್ಯಾಪ್ತಿಗೂ ಬರುತ್ತದೆ. ಬಜೆಟ್ಟಿನ ಬೇಡಿಕೆಗಳನ್ನು ಸದನ ಒಪ್ಪುವ ಮೊದಲು ಪರಿಶೀಲಿಸುವುದು ವಿಷಯ ಸಮಿತಿಗಳು. ಹಣ ಸಾಲದೆಂಬ ವಾದವನ್ನು ಖರ್ಚಾದ ಮೇಲಲ್ಲ, ಆ ಹಂತದಲ್ಲೇ ಮುಂದಿಡಬೇಕು.

ಸಿಎಜಿ ವರದಿಗೆ ಎಷ್ಟು ಶಕ್ತಿ ಇದೆಯೆಂಬುದಕ್ಕೆ ಇತ್ತೀಚಿನ ಉದಾಹರಣೆ ಕೋವಿಡ್ ಕಾಲದ ಪಿಪಿಇ ಕಿಟ್ಟಿನದು (ಸೋಂಕು ತಡೆಯುವ ರಕ್ಷಣಾ ಉಡುಪು). 2020ರ ಮಾರ್ಚಿನಲ್ಲಿ 550 ರೂಪಾಯಿ ದರದ ಪೂರೈಕೆದಾರರಿದ್ದಾಗಲೂ 1,550 ರೂಪಾಯಿ ದರದಲ್ಲಿ ಖರೀದಿಸಿದ್ದು ಸೇರಿದಂತೆ 10.23 ಕೋಟಿ ರೂಪಾಯಿ ಹೆಚ್ಚುವರಿ ಖರ್ಚಾಯಿತೆಂದು 2025ರ ಜನವರಿಯಲ್ಲಿ ಸದನದಲ್ಲಿ ಮಂಡಿಸಲಾದ ವರದಿ ಹೇಳಿತು. ತುರ್ತು ಸಂದರ್ಭದ ಅಭಾವವೇ ಕಾರಣವೆಂಬುದು ಸರ್ಕಾರದ ಕಡೆಯ ಸಮರ್ಥನೆ. ಖರೀದಿಗೂ ವರದಿಗೂ ನಡುವೆ ಸುಮಾರು ಐದು ವರ್ಷ ಕಳೆದದ್ದನ್ನು ಗಮನಿಸಿ. ಇಷ್ಟು ನಿಧಾನವಾಗಿ ಚಲಿಸುವ ವ್ಯವಸ್ಥೆಯನ್ನು ನೆಚ್ಚುವವರು ಊರಿನ ಕಾಗದಗಳನ್ನು ಐದು ವರ್ಷ ಜೋಪಾನವಾಗಿ ಇಟ್ಟುಕೊಂಡಿರಬೇಕು.

ಸಮಿತಿಗಳು ಆಗಾಗ ಜಿಲ್ಲೆಗಳಿಗೆ ಬಂದು ‘ತೆಳಿವೆಡುಪ್’, ಅಂದರೆ ಸಾಕ್ಷ್ಯ ಸಂಗ್ರಹದ ಸಭೆ ನಡೆಸುತ್ತವೆ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸಣ್ಣ ಸುದ್ದಿಯಾಗಿ ಬರುವ ಆ ಪ್ರಕಟಣೆಯನ್ನು ಕತ್ತರಿಸಿಡಿ. ಹೋಗುವಾಗ ಎರಡು ಪುಟ ಮೀರದ ಮನವಿ ಇರಲಿ: ಯೋಜನೆಯ ಸಂಖ್ಯೆ, ಮೊತ್ತ, ದಿನಾಂಕಗಳು, ಗ್ರಾಮಸಭೆಯ ನಿರ್ಣಯದ ಪ್ರತಿ, ಆಡಿಟ್ ವರದಿಯ ಸಂಬಂಧಪಟ್ಟ ಪುಟ, ಕೊನೆಯಲ್ಲಿ ನೀವು ಕೇಳುವ ಒಂದೇ ಒಂದು ಪರಿಹಾರ.

ಎಂಡೋಸಲ್ಫಾನ್ ಪ್ರಕರಣದಿಂದ ತಿಳಿಯುವುದು

ನಮ್ಮ ಜಿಲ್ಲೆಯಲ್ಲಿ ಆರೋಗ್ಯದ ಹಣದ ಮಾತು ಬಂದಾಗ ಎಂಡೋಸಲ್ಫಾನ್ ಎಂಬ ಕೀಟನಾಶಕದ ದುರಂತವನ್ನು ಬಿಟ್ಟು ಮಾತಾಡುವಂತಿಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷದ ಸಂತ್ರಸ್ತರಿಗೆ ಪರಿಹಾರ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರಿನಲ್ಲಿ ಶಿಫಾರಸು ಮಾಡಿತು. ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿ 10ರಂದು ಆದೇಶಿಸಿತು. 2022ರ ಮೇ ತಿಂಗಳಲ್ಲಿ ಪ್ರಕರಣ ಮತ್ತೆ ಅದೇ ನ್ಯಾಯಾಲಯದ ಮುಂದೆ ಬಂದಾಗ 3,704 ಸಂತ್ರಸ್ತರಲ್ಲಿ ಆ ಮೊತ್ತ ಸಿಕ್ಕಿದ್ದು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಎಂಟು ಮಂದಿಗೆ ಮಾತ್ರವೆಂಬುದು ಬಯಲಾಯಿತು. ಮುಖ್ಯ ಕಾರ್ಯದರ್ಶಿಯವರು ಪ್ರತಿ ತಿಂಗಳು ಸಭೆ ನಡೆಸಿ ಪಾವತಿಯನ್ನು ನೋಡಿಕೊಳ್ಳಬೇಕೆಂದು ನ್ಯಾಯಾಲಯ ಹೇಳಿದ ಬಳಿಕವೇ ಕೆಲಸ ವೇಗ ಪಡೆಯಿತು. ಪಡ್ರೆ, ಸ್ವರ್ಗ, ಬೆಳ್ಳೂರು, ಕುಂಬಡಾಜೆಯ ಮನೆಗಳಲ್ಲಿ ಮಕ್ಕಳನ್ನು ಎತ್ತಿಕೊಂಡೇ ಬದುಕಿದ ತಾಯಂದಿರಿಗೆ ಐದು ವರ್ಷ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದೇಶ ಬಂದ ದಿನದಿಂದ ‘ಎಷ್ಟು ಮಂದಿಗೆ ಕೊಟ್ಟಿರಿ’ ಎಂಬ ಒಂದೇ ಅಂಕಿಯನ್ನು ಪ್ರತಿ ಅಧಿವೇಶನದಲ್ಲಿ ಬಿಡದೆ ಕೇಳುತ್ತಿದ್ದರೆ ಆ ಎಂಟು ಎಂಬ ಸಂಖ್ಯೆ ಅಷ್ಟು ವರ್ಷ ಅಡಗಿ ಕುಳಿತಿರಲು ಸಾಧ್ಯವಿರಲಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಉತ್ತರ ಬಂದ ಮೇಲೆ

ಲಿಖಿತ ಉತ್ತರ ವಿಧಾನಸಭೆಯ ವೆಬ್‌ಸೈಟಿನಲ್ಲಿ ಪ್ರಕಟವಾಗುತ್ತದೆ. ಅದರ ಅಂಕಿಯನ್ನು ನಿಮ್ಮ ಬಳಿಯಿರುವ ಪಂಚಾಯತಿನ ದಾಖಲೆಯೊಂದಿಗೆ ಹೋಲಿಸಿ. ವ್ಯತ್ಯಾಸ ಕಂಡರೆ ಎರಡೂ ಪ್ರತಿಗಳನ್ನು ಜೋಡಿಸಿ ಶಾಸಕರಿಗೆ ಮತ್ತೆ ಕೊಡಿ. ಸದನಕ್ಕೆ ತಪ್ಪು ಮಾಹಿತಿ ಹೋಗಿದೆಯೆಂಬುದು ಯಾವ ಇಲಾಖೆಯೂ ಹಗುರವಾಗಿ ತೆಗೆದುಕೊಳ್ಳುವ ಸಂಗತಿಯಲ್ಲ. ಸಮಿತಿ ಶಿಫಾರಸು ಮಾಡಿದ್ದರೆ ಇಲಾಖೆ ಅದರ ಮೇಲೆ ಕೈಗೊಂಡ ಕ್ರಮದ ವರದಿ ಕೊಡಬೇಕು, ಅದನ್ನೂ ಕೇಳಿ ಪಡೆಯಿರಿ. ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಪ್ರತಿ ತಿಂಗಳು ಸೇರುವ ಜಿಲ್ಲಾ ಅಭಿವೃದ್ಧಿ ಸಮಿತಿಯಲ್ಲೂ ಶಾಸಕರು ವಿಷಯವನ್ನು ಎತ್ತಬಹುದು. ತಿರುವನಂತಪುರದ ಉತ್ತರಕ್ಕೆ ಕಾಯುವಷ್ಟರಲ್ಲಿ ಸಣ್ಣ ತೊಡಕುಗಳು ಅಲ್ಲಿಯೇ ಬಗೆಹರಿಯುವುದುಂಟು.

ನಮ್ಮ ವಾರ್ಡಿನಲ್ಲಿ ಈಗ ವರ್ಷದ ಮೊದಲ ಗ್ರಾಮಸಭೆಯಲ್ಲೇ ಪಾಲಿಯೇಟಿವ್ ವಾಹನದ ಕೊಟೇಶನ್ ಮುಗಿಯುವ ದಿನಾಂಕವನ್ನು ಕೇಳಿ ನಿರ್ಣಯ ಪುಸ್ತಕದಲ್ಲಿ ಬರೆಸುತ್ತೇವೆ. ಕಳೆದ ವರ್ಷ ಅದು ಅಕ್ಟೋಬರ್ 31 ಆಗಿತ್ತು. ಸೆಪ್ಟೆಂಬರ್ ಎರಡನೇ ವಾರದಲ್ಲೇ ಹೊಸ ಕೊಟೇಶನ್ ಕರೆದರು, ನವೆಂಬರ್ ಒಂದರಂದು ಜೀಪು ಎಂದಿನಂತೆ ಹೊರಟಿತು.